1970ರ ಪೈಲಟ್ಸ್ ಕಾರ್ಡು ಮ್ಯಾರಿನರ್ಸ್ ಬೈಂಡರಿಗೆ ಸೇರುತ್ತಾ?

ಬೆಲ್‌ವ್ಯೂ_ಬೈಂಡರ್

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ, ಒಂದು ಕಾರ್ಡೂ ಬೇಕಾಗಿದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ನಾನು ಶಿವಮೊಗ್ಗದವನು. ಸಿಯಾಟಲ್ ಕಡೆಗೆ ಬಂದಿದ್ದು 2001ರ ಏಪ್ರಿಲ್‌ನಲ್ಲಿ. ಬೇಸ್‌ಬಾಲ್ ಬಗ್ಗೆ ಏನೂ ಗೊತ್ತಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಇಚಿರೊ ಸುಜುಕಿ ಜಪಾನಿನಿಂದ ಬಂದು ಇಲ್ಲಿನ ಮ್ಯಾರಿನರ್ಸ್ ತಂಡದ ಪರ ಆಡಲು ಶುರು ಮಾಡಿದ. ಆ ವರ್ಷ ಅವನು 242 ಹಿಟ್ ಹೊಡೆದ, ತಂಡ 116 ಪಂದ್ಯ ಗೆದ್ದಿತು. ಎಲ್ಲಿ ಹೋದರೂ ಅದೇ ಮಾತು. ಈ ಊರಿಗೆ ನಾನೂ ಹೊಸಬ, ಅವನೂ ಹೊಸಬ. ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ ಆಟಗಾರರ ಚಿತ್ರ ಇರುವ ಒಂದು ಪ್ಯಾಕ್ ಕಾರ್ಡು ಕೊಂಡೆ. ಅವನು ಸಿಗಲಿಲ್ಲ. ಇನ್ನೊಂದು ಕೊಂಡೆ. ಹಾಗೆ ಹಿಡಿದ ಹುಚ್ಚು ಇದು.

ನನ್ನದು ತಂಡದ ಸಂಗ್ರಹ. ಟಾಪ್ಸ್ ಕಂಪನಿ ವರ್ಷ ವರ್ಷ ತರುವ ಮುಖ್ಯ ಸೆಟ್‌ನಲ್ಲಿ ಮ್ಯಾರಿನರ್ಸ್ ಆಟಗಾರ ಯಾರೇ ಇರಲಿ, ಅವನ ಕಾರ್ಡು ನನ್ನ ಹತ್ತಿರ ಇರಬೇಕು. ದೊಡ್ಡ ಸ್ಟಾರ್ ಆದರೂ ಸರಿ, ಹತ್ತು ಪಂದ್ಯ ಆಡಿ ಮನೆಗೆ ಹೋದವನಾದರೂ ಸರಿ. 1977ರಿಂದ 2025ರವರೆಗೆ. ಹೋದ ತಿಂಗಳು ಕಾರ್ಡು ಜೋಡಿಸುವ ಬೈಂಡರಿನ ಕೊನೆಯ ಜೇಬು ತುಂಬಿತು.

ಅವತ್ತು ರಾತ್ರಿ ಮೊದಲ ಪುಟದಿಂದ ತಿರುವಿ ಹಾಕುತ್ತಾ ಕೂತೆ. ಮ್ಯಾರಿನರ್ಸ್ ಅನ್ನೋ ಹೊಸ ತಂಡಕ್ಕೆ ಆಟಗಾರರನ್ನು ಆರಿಸಿದ್ದು 1976ರ ನವೆಂಬರಿನಲ್ಲಿ. 1977ರ ಕಾರ್ಡು ಅಚ್ಚಿಗೆ ಹೋಗುವಾಗ ಮ್ಯಾರಿನರ್ಸ್ ಟೋಪಿ ಹಾಕಿದ ಫೋಟೋ ಎಲ್ಲಿಂದ ತರಬೇಕು? ಹಳೇ ತಂಡದ ಫೋಟೋ ಮೇಲೆ ಹೊಸ ಟೋಪಿಯನ್ನು ಬಣ್ಣದಲ್ಲಿ ಬರೆದುಬಿಟ್ಟರು. ಭೂತಗನ್ನಡಿ ಹಿಡಿದು ನೋಡಿ. ಟೋಪಿಯ ಅಂಚು ಕೂದಲಿನ ಮೇಲೆ ಸರಿಯಾಗಿ ಕೂತಿರುವುದಿಲ್ಲ. ನನಗೆ ಅತಿ ಪ್ರೀತಿಯ ಪುಟ ಅದೇ.

ಆಗ ತಲೆಗೆ ಬಂತು. ಸಿಯಾಟಲ್ ಕಥೆ ಶುರುವಾಗಿದ್ದು 1977ರಲ್ಲಿ ಅಲ್ಲವಲ್ಲ? 1969ರಲ್ಲಿ ಇಲ್ಲಿ ಪೈಲಟ್ಸ್ ಅಂತ ತಂಡ ಇತ್ತು. ಒಂದೇ ಒಂದು ವರ್ಷ. 64 ಗೆಲುವು, 98 ಸೋಲು. ಕೈಯಲ್ಲಿ ಕಾಸಿಲ್ಲ. 1970ರ ಮಾರ್ಚ್ 31ರಂದು ಕೋರ್ಟಿನಲ್ಲಿ ದಿವಾಳಿ ಅಂತ ತೀರ್ಮಾನ ಆಯಿತು. ವಾರ ಕಳೆಯುವಷ್ಟರಲ್ಲಿ ತಂಡ ಮಿಲ್ವಾಕಿಗೆ ಹೋಗಿ ಬ್ರೂವರ್ಸ್ ಆಗಿಬಿಟ್ಟಿತು. ಆದರೆ ಟಾಪ್ಸ್‌ನ 1970ರ ಕಾರ್ಡುಗಳಲ್ಲಿ ಅವರೆಲ್ಲ ಪೈಲಟ್ಸೇ. 713ನೇ ನಂಬರಿನದು ಇಡೀ ತಂಡದ ಫೋಟೋ. ಆ ಸೆಟ್ 720ಕ್ಕೆ ಮುಗಿಯುತ್ತದೆ. ಅಂದರೆ ಇದು ಕೊನೆಯ ಕಂತಿನ ಕಾರ್ಡು. ಅದು ಮಕ್ಕಳ ಕೈಗೆ ಬರುವ ಹೊತ್ತಿಗೆ ಆ ಹೆಸರಿನ ತಂಡವೇ ಇರಲಿಲ್ಲ.

ಪ್ರಶ್ನೆ ಇಷ್ಟೇ. ಪೈಲಟ್ಸ್ ಕಾರ್ಡುಗಳನ್ನು ಮ್ಯಾರಿನರ್ಸ್ ಬೈಂಡರಿನ ಮೊದಲ ಪುಟದಲ್ಲಿ ಇಡಬಹುದಾ? ಮತ್ತೆ, 713 ಯಾರ ಹತ್ತಿರವಾದರೂ ಎರಡಿದೆಯಾ? ದುಡ್ಡು ಕೊಟ್ಟರೆ ನಾಳೆಯೇ ಸಿಗುತ್ತೆ, ಗೊತ್ತು. ಆದರೆ ಈ ಬೈಂಡರಿನ ಕಷ್ಟದ ಜಾಗಗಳೆಲ್ಲ ಅದಲು-ಬದಲಿನಿಂದಲೇ ತುಂಬಿದ್ದು. ಮೊದಲ ಪುಟವೂ ಹಾಗೇ ತುಂಬಲಿ ಅಂತ ಆಸೆ.

ಮೈಸೂರು_ಟು_ಟಕೋಮಾ

ಸರ್, ಬೈಂಡರ್ ಮುಗಿಸಿದ್ದಕ್ಕೆ ಅಭಿನಂದನೆ. 49 ವರ್ಷದ ಸೆಟ್‌ಗಳು ಅಂದರೆ ಸುಮ್ನೆ ಮಾತಲ್ಲ.

ಆದರೆ ಪೈಲಟ್ಸ್ ಸೇರಲ್ಲ ಅನ್ನೋದು ನನ್ನ ಅಭಿಪ್ರಾಯ. ತಂಡ ಅಂದರೆ ಊರಲ್ಲ, ತಂಡವೇ. ಪೈಲಟ್ಸ್‌ನ ಅಂಕಿ-ಅಂಶ, ಆಟಗಾರರು, ಸಾಮಾನು ಎಲ್ಲ ಮಿಲ್ವಾಕಿಗೆ ಹೋಯಿತು. 1970ರ ಪೈಲಟ್ಸ್ ಕಾರ್ಡಿನ ಮೇಲೆ ಹಕ್ಕು ಇರೋದು ಬ್ರೂವರ್ಸ್ ಅಭಿಮಾನಿಗೆ. ನಾನು ಇಡುವುದಾದರೆ ಬೇರೆ ಪುಟ್ಟ ಬೈಂಡರಿನಲ್ಲಿ ಇಡುತ್ತೇನೆ.

ದಾವಣಗೆರೆ_ಡಗೌಟ್

ನಾನು ಇಲ್ಲಿಂದಲೇ ಓದುವವನು. ಬೇಸ್‌ಬಾಲ್ ಆಟವನ್ನು ಎದುರಿಗೆ ಕೂತು ನೋಡಿಲ್ಲ. ಆದರೂ ಇದು ಎಷ್ಟು ಪರಿಚಯದ ವಿಷಯ ಅನ್ನಿಸಿತು ನೋಡಿ! ನಾವು ಚಿಕ್ಕವರಿದ್ದಾಗ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಗಮ್ ಯಾರಿಗೆ ಬೇಕಿತ್ತು? ಶಾಲೆಯ ಹಿಂದಿನ ಕಟ್ಟೆ ಮೇಲೆ ಹರವಿಕೊಂಡು ಕೂರುತ್ತಿದ್ದೆವು. ನಿನ್ನ ಹತ್ತಿರ ಎರಡಿರೋದು ನನಗೆ, ನನ್ನ ಹತ್ತಿರ ಎರಡಿರೋದು ನಿನಗೆ. ಅಲ್ಲೂ ಗಮ್ ಜೊತೆಗೇ ಬರುತ್ತಿತ್ತಾ?

ಮಿಲ್ವಾಕಿ_ಮಾವ

ದಾವಣಗೆರೆಯವರೇ, ಹೌದು. ಟಾಪ್ಸ್ ಪ್ಯಾಕಿನಲ್ಲಿ 1991ರವರೆಗೂ ಗಮ್ ಇತ್ತು. ತೆಳ್ಳಗೆ, ಹಪ್ಪಳದ ಚೂರಿನ ಹಾಗೆ. ಹಳೇ ಪ್ಯಾಕು ಒಡೆದರೆ ಗಮ್ ಪಕ್ಕದಲ್ಲಿದ್ದ ಕಾರ್ಡಿನ ಬೆನ್ನಿಗೆ ಕಲೆ ಹಿಡಿದಿರುತ್ತೆ. ವಾಸನೆ ಇನ್ನೂ ಇರುತ್ತೆ.

ಈಗ ಬೆಲ್‌ವ್ಯೂ ತಮ್ಮನ ಪ್ರಶ್ನೆಗೆ ಬರುತ್ತೇನೆ. ಹಕ್ಕಿನ ಮಾತು ಬಂದಿದ್ದರಿಂದ ನಾನೇ ಹೇಳಬೇಕು. ಯಾಕಂದ್ರೆ ಆ ಬ್ರೂವರ್ಸ್ ಅಭಿಮಾನಿ ನಾನೇ.

ನಾನು ಮಿಲ್ವಾಕಿಗೆ ಬಂದಿದ್ದು 1981ರಲ್ಲಿ. ಮರುವರ್ಷವೇ ಬ್ರೂವರ್ಸ್ ಆ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ ಹೋದರು. ಏಳನೇ ಪಂದ್ಯದಲ್ಲಿ ಸೇಂಟ್ ಲೂಯಿಸ್ ಎದುರು ಸೋತರು. ಅವತ್ತಿಂದ ಇವತ್ತಿನವರೆಗೆ ಮತ್ತೆ ಆ ಮೆಟ್ಟಿಲು ಹತ್ತಿಲ್ಲ. ಅದೇ ವರ್ಷದಿಂದ ಇಲ್ಲಿನ ಪೊಲೀಸರು ಮಕ್ಕಳಿಗೆ ಬ್ರೂವರ್ಸ್ ಕಾರ್ಡು ಹಂಚುತ್ತಾ ಬಂದರು. ಹಿಂಭಾಗದಲ್ಲಿ ಮಕ್ಕಳಿಗೆ ಒಂದು ಬುದ್ಧಿಮಾತು ಇರುತ್ತೆ. ವಿಸ್ಕಾನ್ಸಿನ್‌ನ ಬೇರೆ ಬೇರೆ ಊರಿನ ಪೊಲೀಸರು ತಮ್ಮ ತಮ್ಮ ಹೆಸರು ಹಾಕಿಸಿ ಕೊಡುತ್ತಿದ್ದರು. ನನ್ನ ಮಗಳು ಒಬ್ಬ ಪೊಲೀಸರ ಹತ್ತಿರ ಹೋಗಿ ಕೈಚಾಚಿ ಇಸ್ಕೊಂಡು ಬಂದ ಕಾರ್ಡೇ ನನ್ನ ಸಂಗ್ರಹದ ಮೊದಲ ಕಾರ್ಡು.

ಪೈಲಟ್ಸ್ ವಿಷಯ. ಆ 1970ರ ವಸಂತದಲ್ಲಿ ತಂಡದ ಸಾಮಾನು ತುಂಬಿದ ಲಾರಿ ಯೂಟಾದಲ್ಲಿ ಕಾಯುತ್ತಾ ನಿಂತಿತ್ತು. ಸಿಯಾಟಲ್‌ಗೆ ತಿರುಗಬೇಕೋ ಮಿಲ್ವಾಕಿಗೆ ತಿರುಗಬೇಕೋ ಅಂತ ಫೋನು ಬರುವವರೆಗೆ. ಹೊಸ ಅಂಗಿ ಹೊಲಿಸಲು ಟೈಮ್ ಇರಲಿಲ್ಲ. ಪೈಲಟ್ಸ್ ಅಂಗಿಯ ಮೇಲಿನ ಅಕ್ಷರ ಬಿಚ್ಚಿ ಬ್ರೂವರ್ಸ್ ಅಂತ ಹೊಲಿದರು. ಹಳೇ ಅಕ್ಷರದ ಗುರುತು ಬಟ್ಟೆ ಮೇಲೆ ಹಾಗೇ ಕಾಣುತ್ತಿತ್ತಂತೆ. ನಮ್ಮ ತಂಡದ ನೀಲಿ-ಹಳದಿ ಬಣ್ಣ ನಿಮ್ಮೂರಿಂದ ಬಂದಿದ್ದು.

ಹಾಗಾಗಿ ನನ್ನ ಬೈಂಡರಿನ ಮೊದಲ ಪುಟದಲ್ಲಿ ಪೈಲಟ್ಸ್ ಇದೆ. ನಿಮ್ಮದರಲ್ಲೂ ಇದ್ದರೆ ನನಗೇನು ಕಡಿಮೆ ಆಗುತ್ತೆ? ಅಂಗಿ ನಮಗೆ ಬಂತು, ಆ ಬೇಸಿಗೆ ನಿಮ್ಮೂರಲ್ಲೇ ಉಳಿಯಿತು. ಸಿಯಾಟಲ್‌ನಲ್ಲಿ ಟಿಕೆಟ್ ಕೊಂಡು ಆ 98 ಸೋಲು ನೋಡಿದ ಜನ ಮಿಲ್ವಾಕಿಗೆ ಬರಲಿಲ್ಲವಲ್ಲ.

713 ನನ್ನ ಹತ್ತಿರ ಎರಡಿದೆ. ಒಂದರ ಎಡ ಮೂಲೆ ಸ್ವಲ್ಪ ಸವೆದಿದೆ, ಮಡಚಿದ ಗೆರೆ ಇಲ್ಲ.

ಬೆಲ್‌ವ್ಯೂ_ಬೈಂಡರ್

ಮಾವ, ಓದಿ ಕಣ್ಣು ತುಂಬಿ ಬಂತು. ಲಾರಿ ಕಥೆ ಗೊತ್ತಿತ್ತು. "ಆ ಬೇಸಿಗೆ ನಿಮ್ಮೂರಲ್ಲೇ ಉಳಿಯಿತು" ಅಂತ ಯಾರೂ ಹೇಳಿರಲಿಲ್ಲ.

ಮೈಸೂರಿನವರಿಗೆ ಎರಡು ಮಾತು. ಪೈಲಟ್ಸ್ ಹೋದ ಮೇಲೆ ವಾಷಿಂಗ್ಟನ್ ರಾಜ್ಯ ಮತ್ತು ಸಿಯಾಟಲ್ ಸೇರಿ, ಪೈಲಟ್ಸ್ ಆಡುತ್ತಿದ್ದ ಅಮೆರಿಕನ್ ಲೀಗ್ ಮೇಲೆ ದಾವೆ ಹಾಕಿದರು. ಆ ಕೇಸು ಮುಗಿಸೋದಕ್ಕೆ ಲೀಗ್ ಕೊಟ್ಟ ತಂಡವೇ ಮ್ಯಾರಿನರ್ಸ್. ಪೈಲಟ್ಸ್ ಹೋಗದಿದ್ದರೆ ಮ್ಯಾರಿನರ್ಸ್ ಹುಟ್ಟುತ್ತಲೇ ಇರಲಿಲ್ಲ.

ಎರಡನೆಯದು ನನ್ನ ಮೇಜಿನ ಮೇಲೇ ಇದೆ. 1969ರ ಟಾಪ್ಸ್, ನಂಬರ್ 394. ಮೇಲೆ ಪೈಲಟ್ಸ್ ಅಂತ ಇದೆ, ಇಬ್ಬರು ಹೊಸ ಹುಡುಗರ ಮುಖ. ಅದರಲ್ಲಿ ಒಬ್ಬ ಲೂ ಪಿನೆಲ್ಲಾ. ಸೀಸನ್ ಶುರುವಾಗುವ ಮೊದಲೇ ಅವನನ್ನು ಕ್ಯಾನ್ಸಸ್ ಸಿಟಿಗೆ ಕೊಟ್ಟುಬಿಟ್ಟರು. ಅಲ್ಲಿ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಅನ್ನಿಸಿಕೊಂಡ. ಅದೇ ಪಿನೆಲ್ಲಾ 1993ರಲ್ಲಿ ನಮ್ಮ ಮ್ಯಾನೇಜರ್ ಆಗಿ ಬಂದ. 1995ರಲ್ಲಿ ನಮ್ಮನ್ನು ಮೊದಲ ಸಲ ಪ್ಲೇಆಫ್‌ಗೆ ಕರೆದುಕೊಂಡು ಹೋದ. ನಾನು ಬಂದ ವರ್ಷದ ಆ 116 ಗೆಲುವೂ ಅವನ ಕೈಕೆಳಗೇ ಆಗಿದ್ದು. ಪೈಲಟ್ಸ್ ಪರ ಒಂದು ಪಂದ್ಯವನ್ನೂ ಆಡದವನು ಸುಮಾರು ಕಾಲು ಶತಮಾನದ ನಂತರ ಅದೇ ಊರಿಗೆ ವಾಪಸ್ ಬಂದ. ಈ ಕಾರ್ಡನ್ನು ಬೇರೆ ಬೈಂಡರಿನಲ್ಲಿ ಇಡಲು ನನಗೆ ಮನಸ್ಸು ಬರಲ್ಲ.

ಮಾವ, 713ಕ್ಕೆ ನಿಮಗೇನು ಬೇಕು ಹೇಳಿ.

ಮೈಸೂರು_ಟು_ಟಕೋಮಾ

394 ಬಗ್ಗೆ ಯೋಚಿಸಿರಲಿಲ್ಲ. ಅದು ಸೇರುತ್ತೆ, ಒಪ್ಪಿದೆ. ಉಳಿದವು ಬೇಡ ಅಂತ ಇನ್ನೂ ಅನ್ನಿಸುತ್ತೆ.

ಇನ್ನೊಂದು ಕೇಳಲಾ? ತಂಡ ಬಿಟ್ಟು ಹೋದವರ ಕಾರ್ಡು ಏನು ಮಾಡುತ್ತೀರಿ? ಅಲೆಕ್ಸ್ ರೊಡ್ರಿಗೆಜ್ 2000ದ ಡಿಸೆಂಬರಿನಲ್ಲಿ 252 ಮಿಲಿಯನ್ ಡಾಲರಿಗೆ ಟೆಕ್ಸಸ್‌ಗೆ ಹೋದ. ಅವನ 1994ರ ಎಸ್‌ಪಿ ರೂಕಿ ಕಾರ್ಡು (ಹೊಸ ಆಟಗಾರನಾಗಿದ್ದಾಗಿನ ಮೊದಲ ಕಾರ್ಡು) ನನ್ನ ಹತ್ತಿರ ಇದೆ. ಅಂಚು ಸ್ವಲ್ಪ ಮುಟ್ಟಿದರೂ ಬಣ್ಣ ಉದುರುವ ಕಾರ್ಡು, ನನ್ನದು ಚೆನ್ನಾಗಿದೆ. ನೋಡಿದಾಗಲೆಲ್ಲ ಸಿಟ್ಟು ಬರುತ್ತೆ. ಕೊಟ್ಟುಬಿಡೋಣ ಅನ್ನಿಸುತ್ತೆ.

ಮಿಲ್ವಾಕಿ_ಮಾವ

ಕೊಡಬೇಡಿ. ಕಾರ್ಡಿನಲ್ಲಿ ಅವನು ಇನ್ನೂ ನಿಮ್ಮವನೇ, ಹೋಗಿಲ್ಲ.

ನಾನು ಕೇಳುವ ಕಾರ್ಡೂ ಅಂಥವನದೇ. ಅಪ್ಪರ್ ಡೆಕ್ ಕಂಪನಿಯ 1989ರ ಸೆಟ್, ನಂಬರ್ 13, ಗ್ಯಾರಿ ಶೆಫೀಲ್ಡ್. ನಮ್ಮಲ್ಲಿ ಅವನು ಖುಷಿಯಾಗಿ ಇರಲಿಲ್ಲ. ನಮ್ಮ ಜನಕ್ಕೂ ಅವನ ಮೇಲೆ ಅಷ್ಟಾಗಿ ಪ್ರೀತಿ ಇರಲಿಲ್ಲ. 1992ರಲ್ಲಿ ಸ್ಯಾನ್ ಡಿಯಾಗೊಗೆ ಹೋದ. ಆದರೆ ಆ ಕಾರ್ಡಿನಲ್ಲಿ ಅವನು ಬ್ರೂವರ್ಸ್ ಹುಡುಗ. ನನಗೆ ಬೇಕಾಗಿರೋದು ಅದರ ತಪ್ಪು ಅಚ್ಚು. ಶಾರ್ಟ್‌ಸ್ಟಾಪ್ (ಮೈದಾನದಲ್ಲಿ ಅವನು ನಿಲ್ಲುವ ಜಾಗ) ಅಂತ ಸೂಚಿಸುವ 'ಎಸ್‌ಎಸ್' ತಲೆಕೆಳಗಾಗಿ ಅಚ್ಚಾಗಿರುವುದು.

ನಿಮ್ಮ ಮ್ಯಾರಿನರ್ಸ್ ಸ್ಟಾರ್ ಗ್ರಿಫಿಗಾಗಿ 1989ರ ಅಪ್ಪರ್ ಡೆಕ್ ಡಬ್ಬಿ ಒಡೆಯದ ಸಿಯಾಟಲ್‌ನವರು ಇಲ್ಲ ಅಂದುಕೊಂಡಿದ್ದೇನೆ. ಹುಡುಕಿ ನೋಡಿ.

ಬೆಲ್‌ವ್ಯೂ_ಬೈಂಡರ್

ಒಡೆದಿದ್ದೇನೆ ಮಾವ. 2004ರಲ್ಲಿ. ಒಂದು ಡಬ್ಬಿಯಲ್ಲಿ 36 ಪ್ಯಾಕು, ಒಂದೊಂದರಲ್ಲಿ 15 ಕಾರ್ಡು. ಆ ಸೆಟ್‌ನ ಒಂದನೇ ನಂಬರೇ ಕೆನ್ ಗ್ರಿಫಿ ಜೂನಿಯರ್. ಒಂದೂ ಪಂದ್ಯ ಆಡದ ಹುಡುಗನಿಗೆ ಹೊಸ ಕಂಪನಿ ಮೊದಲ ನಂಬರ್ ಕೊಟ್ಟಿತ್ತು. ಆ ಫೋಟೋದಲ್ಲಿ ಅವನು ಹಾಕಿದ್ದು ನಿಜವಾಗಿ ಸ್ಯಾನ್ ಬರ್ನಾರ್ಡಿನೊ ಕಿರಿಯ ತಂಡದ ಟೋಪಿ, ಅದನ್ನು ತಿದ್ದಿ ಮ್ಯಾರಿನರ್ಸ್ ಮಾಡಿದ್ದಾರೆ. 1977ರಲ್ಲಿ ಬಣ್ಣ ಬಳಿದ ಟೋಪಿ, 1989ರಲ್ಲೂ ಬಣ್ಣ ಬಳಿದ ಟೋಪಿ!

ನನಗೆ ಬೇಡದ ಬೇರೆ ತಂಡದ ಕಾರ್ಡುಗಳೆಲ್ಲ ಒಂದು ಶೂ ಡಬ್ಬಿಯಲ್ಲಿವೆ. ರಾತ್ರಿ ತೆಗೆದು ನೋಡಿದೆ. ಶೆಫೀಲ್ಡ್ ಎರಡು ಸಿಕ್ಕಿತು. ಆದರೆ 'ಎಸ್' ಅಕ್ಷರ ತಲೆಕೆಳಗು ಮಾಡಿದರೂ 'ಎಸ್' ಥರಾನೇ ಕಾಣುತ್ತಲ್ಲ? ಅರ್ಧ ಗಂಟೆ ಗೊತ್ತಾಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ದೀಪದ ಕೆಳಗೆ ಭೂತಗನ್ನಡಿ ಹಿಡಿದೆ. ಒಂದರಲ್ಲಿ ಅಕ್ಷರದ ಕೆಳಗಿನ ಹೊಟ್ಟೆ ದಪ್ಪ. ಇನ್ನೊಂದರಲ್ಲಿ ಮೇಲಿನ ಹೊಟ್ಟೆ ದಪ್ಪ. ಮೇಲಿನದು ದಪ್ಪ ಇರುವುದೇ ನಿಮ್ಮದು ಮಾವ!

ಮೈಸೂರು_ಟು_ಟಕೋಮಾ

ಬೇಜಾರು ಮಾಡಿಕೊಳ್ಳಬೇಡಿ, ಬೆಲೆ ನೋಡಿದಿರಾ? 55 ವರ್ಷ ಹಳೇ, ಕೊನೆಯ ಕಂತಿನ ಕಾರ್ಡಿಗೆ 1989ರ ಕಾರ್ಡು ಸಮ ಅಲ್ಲ. ಆ ಕಾಲದಲ್ಲಿ ಎಲ್ಲ ಕಂಪನಿಗಳೂ ಮಿತಿ ಇಲ್ಲದೆ ಅಚ್ಚು ಹಾಕಿದ್ದವು, ಅದಕ್ಕೇ ಅವಕ್ಕೆ ಬೆಲೆ ಇಲ್ಲ. ಮಾವನಿಗೆ ನಷ್ಟ.

ಮಿಲ್ವಾಕಿ_ಮಾವ

ನಷ್ಟ ಎಲ್ಲಿಂದ ಬಂತು? 713ರ ಎರಡನೇ ಪ್ರತಿ ನನ್ನ ಡ್ರಾಯರಿನಲ್ಲಿ ಸುಮ್ನೆ ಬಿದ್ದಿತ್ತು. ಶೆಫೀಲ್ಡ್ ಅವರ ಶೂ ಡಬ್ಬಿಯಲ್ಲಿ ಸುಮ್ನೆ ಬಿದ್ದಿತ್ತು. ಎರಡೂ ಹೊರಟು ತಮ್ಮ ತಮ್ಮ ಮನೆ ಸೇರುತ್ತವೆ. ನಾನು ಮಾರುವವನಾದರೆ ಬೆಲೆ ನೋಡಬೇಕು. ತಂಡದ ಬೈಂಡರ್ ತುಂಬಿಸುವವನು ನೋಡಬೇಕಾದ್ದು ಖಾಲಿ ಜೇಬು. ನನಗೆ ಒಂದು ಖಾಲಿ, ಅವರಿಗೆ ಒಂದು ಖಾಲಿ. ಲೆಕ್ಕ ಸಮ.

ಒಂದು ಷರತ್ತು ಮಾತ್ರ. ಇಬ್ಬರಿಗೂ ಬೆಲೆ ಗೊತ್ತಿರಬೇಕು. ಗೊತ್ತಿಲ್ಲದವರ ಹತ್ತಿರ ಹೀಗೆ ಮಾಡಿದರೆ ಅದು ಮೋಸ.

ಬಾಥೆಲ್_ಅಮ್ಮ

ಇದನ್ನೇ ಕೇಳಬೇಕು ಅಂತಿದ್ದೆ. ನನ್ನ ಮಗನಿಗೆ ಈಗ 10 ವರ್ಷ. ಎರಡು ವರ್ಷದ ಹಿಂದೆ ಸ್ಕೂಲ್ ಬಸ್ಸಿನಲ್ಲಿ ಮ್ಯಾರಿನರ್ಸ್‌ನ ಕ್ಯಾಲ್ ರಾಲಿಯ ತನ್ನ 2022ರ ರೂಕಿ ಕಾರ್ಡು ಕೊಟ್ಟು, ಹೂಲಿಯೊ ರೊಡ್ರಿಗೆಜ್‌ನ ಒಂದು ಮಿಂಚುವ ಕಾರ್ಡು ತಗೊಂಡು ಬಂದಿದ್ದ. ಅವತ್ತು ಕುಣಿದಾಡಿದ್ದ. 2025ರಲ್ಲಿ ರಾಲಿ 60 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ಮೇಲೆ ಶುರುವಾಯಿತು ನೋಡಿ, "ಅಮ್ಮಾ, ಅವನು ನನಗೆ ಮೋಸ ಮಾಡಿದ" ಅಂತ. ಆ ಹುಡುಗನ ಜೊತೆ ಮಾತು ಬಿಟ್ಟಿದ್ದಾನೆ. ನನಗೆ ಈ ಕಾರ್ಡುಗಳ ಲೆಕ್ಕ ಅರ್ಥ ಆಗಲ್ಲ. ಏನು ಹೇಳಲಿ?

ಬೆಲ್‌ವ್ಯೂ_ಬೈಂಡರ್

ಅಕ್ಕಾ, ಅದು ಮೋಸ ಅಲ್ಲ. 2023ರಲ್ಲಿ ರಾಲಿ ಕಾರ್ಡನ್ನು ಯಾರೂ ಕೇಳುತ್ತಿರಲಿಲ್ಲ. ಹೂಲಿಯೊ ಆಗಷ್ಟೇ ವರ್ಷದ ಹೊಸ ಆಟಗಾರ ಆಗಿದ್ದ, ಊರೆಲ್ಲ ಅವನ ಹಿಂದೆ. ಒಬ್ಬ ಕ್ಯಾಚರ್ (ಕ್ರಿಕೆಟ್ಟಿನ ವಿಕೆಟ್ ಕೀಪರ್ ಥರ) ಒಂದೇ ಸೀಸನ್‌ನಲ್ಲಿ 60 ಹೊಡೆಯುತ್ತಾನೆ ಅಂತ ಯಾರು ಅಂದುಕೊಂಡಿದ್ದರು? ಅದಕ್ಕೂ ಮೊದಲು ಕ್ಯಾಚರ್‌ಗಳ ದಾಖಲೆ 48. ಆ ಸ್ನೇಹಿತನಿಗೂ ಗೊತ್ತಿರಲಿಲ್ಲ. ನಿಮ್ಮ ಮಗ ತನಗೆ ಇಷ್ಟವಾದವನನ್ನು ಆರಿಸಿದ, ಅಷ್ಟೇ. ಹೂಲಿಯೊ ಇನ್ನೂ ನಮ್ಮ ತಂಡದಲ್ಲೇ ಇದ್ದಾನೆ.

ನನ್ನ ಹತ್ತಿರ ರಾಲಿಯ 2022ರ ಕಾರ್ಡು ಮೂರಿದೆ. ಒಂದು ಅವನಿಗೆ ಕಳಿಸುತ್ತೇನೆ. ಸುಮ್ನೆ ಅಲ್ಲ, ಬದಲಿಗೇ. ಅವನ ಹತ್ತಿರ ಎರಡಿರುವ ಯಾವುದಾದರೂ ಮ್ಯಾರಿನರ್ಸ್ ಕಾರ್ಡು ಅವನೇ ಆರಿಸಿ ಕಳಿಸಲಿ. ಮೊದಲು ಸ್ನೇಹಿತನ ಜೊತೆ ಮಾತಾಡಲಿ ಅಂತ ಹೇಳಿ.

2025ರ ಅಕ್ಟೋಬರ್ 20ರ ರಾತ್ರಿ ನಿಮ್ಮ ಮಗನೂ ಎದ್ದಿದ್ದನಾ? ಟೊರಾಂಟೊದಲ್ಲಿ ಏಳನೇ ಪಂದ್ಯ, ಇನ್ನು ಎಂಟು ಔಟ್ ತೆಗೆದಿದ್ದರೆ ಮೊದಲ ಸಲ ವರ್ಲ್ಡ್ ಸೀರೀಸ್. ಆಗ ಟೊರಾಂಟೊದ ಸ್ಪ್ರಿಂಗರ್ ಹೋಮ್ ರನ್ ಹೊಡೆದ. 4-3ರಲ್ಲಿ ಸೋತೆವು. ಇವತ್ತಿಗೂ ವರ್ಲ್ಡ್ ಸೀರೀಸ್ ಆಡದ ತಂಡ ನಮ್ಮದೊಂದೇ. ನಾನು ಬೆಳಗಿನ ಜಾವದವರೆಗೆ ಬೈಂಡರ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ.

ಪಿಟ್ಸ್‌ಬರ್ಗ್_ಧಾರವಾಡ

ಅಲ್ರೀ, ಬೆಲೆ ವಿಷಯ ಬಂದ ಮೇಲೆ ನಮ್ಮೂರಿನ ಕಥೆ ಹೇಳದೆ ಇರಲಾರೆ. ನಮ್ಮ ತಂಡ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ಮೊದಲ ಪಂದ್ಯದಲ್ಲಿ ಹಾಕಿದ್ದ ಅಂಗಿಯ ಪಟ್ಟಿ ಮತ್ತು ಅವನ ಸಹಿ ಇರುವ ಕಾರ್ಡು. ಜಗತ್ತಿಗೆ ಒಂದೇ. ಅದು ಲಾಸ್ ಏಂಜಲಿಸ್ ಕಡೆಯ 11 ವರ್ಷದ ಹುಡುಗನಿಗೆ ಸಿಕ್ಕಿತು. ಕೊಟ್ಟರೆ ಹೋಮ್ ಪ್ಲೇಟ್ ಹಿಂದೆ ಎರಡು ಸೀಟು, 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಅಂತ ಪೈರೇಟ್ಸ್ ಹೇಳಿತು. ಮನೆಯವರು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ಹರಾಜಿನಲ್ಲಿ 11 ಲಕ್ಷ 10 ಸಾವಿರ ಡಾಲರಿಗೆ ಹೋಯಿತು.

ಅವರು ಮಾಡಿದ್ದು ತಪ್ಪಲ್ಲ. ಅಲ್ಲಿನ ಹುಡುಗನಿಗೆ ಪಿಟ್ಸ್‌ಬರ್ಗಿನ ಸೀಟು ತಗೊಂಡು ಏನು ಮಾಡಬೇಕು? ಆದರೆ ನನಗೆ ಸಿಕ್ಕಿದ್ದರೆ ನಾನು ಸೀಟನ್ನೇ ತಗೊಳ್ಳುತ್ತಿದ್ದೆ. 30 ವರ್ಷ, ಮಗಳ ಜೊತೆ. ಇದನ್ನು ಹೆಂಡತಿಗೆ ಹೇಳಿದೆ, ಅವಳೂ ಹೂಂ ಅಂದಳು.

ಬಾಥೆಲ್ ಅಕ್ಕಾವ್ರೇ, ಒಂದು ಎಚ್ಚರಿಕೆ. ಡಬ್ಬಿ ಒಡೆಯುವುದನ್ನು ವಿಡಿಯೋದಲ್ಲಿ ತೋರಿಸಿ, ತಂಡಕ್ಕೆ ಇಷ್ಟು ಅಂತ ದುಡ್ಡು ತಗೊಂಡು, ಆ ತಂಡದ ಕಾರ್ಡು ಬಂದರೆ ಮಾತ್ರ ಕಳಿಸುವವರು ಜಾಸ್ತಿ ಆಗಿದ್ದಾರೆ. ದೊಡ್ಡ ಸ್ಟಾರ್ ಓಟಾನಿ ಇರುವ ಡಾಡ್ಜರ್ಸ್‌ಗೆ ಒಂದು ರೇಟು, ಸೋಲುವ ತಂಡಕ್ಕೆ ಒಂದು ರೇಟು. ನಾನೂ ಒಂದು ಸಲ ಪೈರೇಟ್ಸ್ ಪಾಲು ಕೊಂಡೆ, ಬಂದಿದ್ದು ಮೂರು ಸಾಮಾನ್ಯ ಕಾರ್ಡು. ಅದೇ ಕಾರ್ಡು ಅಂಗಡಿಯ ಚಿಲ್ಲರೆ ಪೆಟ್ಟಿಗೆಯಲ್ಲಿ ಒಂದು ಡಾಲರಿಗೂ ಕಡಿಮೆ. ಮಗನನ್ನು ಅಂಗಡಿಗೇ ಕರೆದುಕೊಂಡು ಹೋಗಿ, ಪೆಟ್ಟಿಗೆ ಕೆದಕಲು ಬಿಡಿ.

ಮಿಲ್ವಾಕಿ_ಮಾವ

ಪಾರ್ಸೆಲ್ ಬಗ್ಗೆ ಎಲ್ಲರಿಗೂ ಹೇಳುತ್ತೇನೆ, ಯಾಕಂದ್ರೆ ಇದರಲ್ಲಿ ನನಗೆ ನೋವಾಗಿದೆ. ಒಬ್ಬರು ನನಗೆ ಬ್ರೂವರ್ಸ್ ಆಟಗಾರ ರಾಬಿನ್ ಯೌಂಟ್‌ನ 1975ರ ಕಾರ್ಡನ್ನು ಸಾದಾ ಲಕೋಟೆಯಲ್ಲಿ ಕಳಿಸಿದರು. ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರ್ ಬಾಯಿಗೆ ಪಾರದರ್ಶಕ ಅಂಟು ಟೇಪು ಸುತ್ತಿದ್ದರು. ಅದನ್ನು ಬಿಡಿಸುವಾಗ ಅಂಟು ಕಾರ್ಡಿನ ಮೇಲಂಚಿಗೆ ಹಿಡಿದು ಪದರ ಕಿತ್ತು ಬಂತು. ಅವರನ್ನು ಬೈಯಲಿಲ್ಲ. ಅವತ್ತು ಊಟ ಸೇರಲಿಲ್ಲ.

ಹೀಗೆ ಮಾಡಿ. ಕಾರ್ಡು ಮೊದಲು ತೆಳು ಪ್ಲಾಸ್ಟಿಕ್ ಪೆನ್ನಿ ಸ್ಲೀವ್‌ಗೆ. ಆಮೇಲೆ ಟಾಪ್‌ಲೋಡರ್‌ಗೆ, ಮೂಲೆ ತಾಗದ ಹಾಗೆ ನಿಧಾನವಾಗಿ. ಬಾಯಿಗೆ ನೀಲಿ ಪೇಂಟರ್ಸ್ ಟೇಪು, ಹಿಡಿದು ಎಳೆಯಲು ಆಗುವ ಹಾಗೆ ತುದಿಯನ್ನು ಒಳಗೆ ಮಡಚಿ ಬಿಡಿ, ಎಳೆದರೆ ಬರಬೇಕು. ಎರಡು ರಟ್ಟಿನ ಮಧ್ಯೆ ಇಟ್ಟು ಒಳಗೆ ಗಾಳಿಗುಳ್ಳೆ ಪದರ ಇರುವ ಬಬಲ್ ಮೇಲರ್‌ಗೆ ಹಾಕಿ. ಸಾದಾ ಲಕೋಟೆ ವಿಂಗಡಿಸುವ ಯಂತ್ರದ ರೋಲರ್ ಮಧ್ಯೆ ಹೋಗುತ್ತೆ, ಬೇಡ.

ತಮ್ಮಾ, 713 ನಾಳೆ ಹೊರಡುತ್ತೆ.

ಬೆಲ್‌ವ್ಯೂ_ಬೈಂಡರ್

ಬಂತು!

ಬೂದು ಬಣ್ಣದ ಅಂಚು. ಸಾಲಾಗಿ ಕೂತ, ನಿಂತ ಅಷ್ಟೂ ಜನ. ಮುಖ ಅಕ್ಕಿಕಾಳಿನಷ್ಟು ಚಿಕ್ಕದು. ಎಡ ಮೂಲೆ ಮಾವ ಹೇಳಿದಷ್ಟೇ ಸವೆದಿದೆ. ನೀಲಿ ಟೇಪಿನ ತುದಿ ಮಡಚಿತ್ತು, ಒಂದೇ ಎಳೆತಕ್ಕೆ ಬಂತು. ಮೊದಲ ಪುಟದ ನಡುವಿನ ಜೇಬಿನಲ್ಲಿ ಇಟ್ಟೆ. ಪಕ್ಕದಲ್ಲಿ 394. ಮುಂದಿನ ಪುಟದಿಂದ 1977 ಶುರು.

ಬಾಥೆಲ್ ಹುಡುಗ ನನಗೆ ಕಳಿಸಿದ್ದು ಪಂದ್ಯದ ಮಧ್ಯೆ ಚೆಂಡೆಸೆಯಲು ಇಳಿಯುವ ಒಬ್ಬ ರಿಲೀಫ್ ಪಿಚರ್‌ನ ಕಾರ್ಡು. ಜೊತೆಗೆ ಚೀಟಿ: "ಇದು ನನ್ನ ಹತ್ತಿರ ನಾಲ್ಕಿದೆ, ಆದರೆ ಈ ಅಂಕಲ್ ಒಳ್ಳೆಯವರು." ಯಾವ ಅಂಕಲ್, ಪಿಚರೋ ನಾನೋ, ಗೊತ್ತಾಗಲಿಲ್ಲ. ಚೀಟಿಯನ್ನೂ ಅದೇ ಜೇಬಿನಲ್ಲಿ ಕಾರ್ಡಿನ ಹಿಂದೆ ಇಟ್ಟಿದ್ದೇನೆ.

ಬಾಥೆಲ್_ಅಮ್ಮ

ಪಿಚರ್ ಅಂತೆ. ನಿಮ್ಮನ್ನೂ ಸೇರಿಸಿಕೊಳ್ಳಬಹುದು ಅಂದ. ಇವತ್ತು ಆ ಸ್ನೇಹಿತ ಮನೆಗೆ ಬಂದಿದ್ದಾನೆ. ಇಬ್ಬರೂ ನೆಲದ ಮೇಲೆ ಕಾರ್ಡು ಹರವಿಕೊಂಡು ಕೂತಿದ್ದಾರೆ, ನಡೆಯಲು ಜಾಗ ಇಲ್ಲ.

ಮಿಲ್ವಾಕಿ_ಮಾವ

ಶೆಫೀಲ್ಡ್ ತಲುಪಿದ. ಮೊಮ್ಮಗಳಿಗೆ ಭೂತಗನ್ನಡಿ ಕೊಟ್ಟು, ಎರಡರಲ್ಲಿ ತಲೆಕೆಳಗಾದ 'ಎಸ್' ಯಾವುದು ಹೇಳು ಅಂದೆ. ಒಂದೇ ನಿಮಿಷ. ಬೆರಳಿಟ್ಟು ತೋರಿಸಿದಳು.

ಇನ್ನು ನನಗೆ ಖಾಲಿ ಇರೋದು 1982ರ ಪೊಲೀಸ್ ಸೆಟ್‌ನಲ್ಲಿ ಎರಡು. ವಿಸ್ಕಾನ್ಸಿನ್‌ನಲ್ಲಿ ಓದಿದವರು, ಅಲ್ಲಿ ಬಾಡಿಗೆಗೆ ಇದ್ದವರು ಯಾರಾದರೂ ಇದ್ದರೆ ಹಳೇ ಪುಸ್ತಕದ ಮಧ್ಯೆ, ಹಳೇ ಸೂಟ್‌ಕೇಸಿನಲ್ಲಿ ಒಂದು ಸಲ ನೋಡಿ. ಯಾವ ಊರಿನ ಪೊಲೀಸರ ಹೆಸರಿದ್ದರೂ ಆಗುತ್ತೆ. ಬದಲಿಗೆ ನಿಮ್ಮ ತಂಡ ಯಾವುದು ಹೇಳಿ, ನನ್ನ ಡ್ರಾಯರಿನಲ್ಲಿ ಹುಡುಕುತ್ತೇನೆ.